ವರದಿ ತಂತ್ರಾಂಶದ ನೆಲೆ ಮತ್ತು ದತ್ತಾಂಶ ನವೀಕರಣ

ಕಚೇರಿ, ಸಹಕಾರ ಸಂಘ, ಕಾರ್ಖಾನೆ, ಮಾರುಕಟ್ಟೆ ಮುಂತಾದ ಯಾವುದೇ ಸಂಸ್ಥೆಯ ನಿತ್ಯವ್ಯವಹಾರದಲ್ಲಿ ತಾನಾಗಿ ಕೂಡಿಬರುವ ಅಂಕಿ ಅಂಶಗಳನ್ನು ಮೂಲ ದಾಖಲೆಗಳಿಂದ ಸೆಳೆದುಕೊಂಡು, ಶೋಧಿಸಿ, ವರ್ಗೀಕರಿಸಿ, ಕೋಷ್ಟಕ, ರೇಖಾಚಿತ್ರ, ಭೂಪಟಗಳ ರೂಪದಲ್ಲಿ ಓದುಗರ ಮುಂದಿಡುವ ಗಣಕ ಸಾಧನಕ್ಕೆ ವರದಿ ತಂತ್ರಾಂಶವೆಂದು ಹೆಸರು. ಇದನ್ನು ಸ್ಥಾಪಿಸುವಾಗ ಇತ್ಯರ್ಥವಾಗಬೇಕಾದ ವಿಷಯಗಳು ಅನೇಕವಿದ್ದರೂ ಅವುಗಳಲ್ಲಿ ಎರಡು ಮೂಲಭೂತವಾದವು: ತಂತ್ರಾಂಶವನ್ನು ಯಾವ ಊರಿನ ಯಾವ ಸರ್ವರಿನಲ್ಲಿ, ಯಾರ ಸುಪರ್ದಿಯಲ್ಲಿ ಇರಿಸತಕ್ಕದ್ದೆಂಬುದು ಒಂದು, ಅದರೊಳಗಿನ ಅಂಕಿಗಳನ್ನು ಎಷ್ಟು ಹೊತ್ತಿಗೊಮ್ಮೆ, ಯಾವ ಕ್ರಮದಲ್ಲಿ ಹೊಸದುಮಾಡತಕ್ಕದ್ದೆಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪ್ರತ್ಯೇಕವಾಗಿ ತೋರಿದರೂ ವಾಸ್ತವದಲ್ಲಿ ಒಂದೇ ಪ್ರಶ್ನೆಯ ಎರಡು ಮುಖಗಳು. ವರದಿಯನ್ನು ಓದಿ ಯಾರು, ಯಾವ ಹೊತ್ತಿನಲ್ಲಿ, ಏನನ್ನು ನಿರ್ಧರಿಸುವರೆಂಬುದು ಗೊತ್ತಾದ ಮೇಲೆಯೇ ಎರಡಕ್ಕೂ ಸಮರ್ಪಕವಾದ ಉತ್ತರ ದೊರೆಯುವುದು.

ಮಧ್ಯ ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಈ ವಿಷಯದ ವಿವೇಚನೆಗೆ ಉತ್ತಮ ನಿದರ್ಶನಗಳಾಗಿವೆ. ಗಾಳಿಯಿಂದ ವಿದ್ಯುತ್ತು, ಜಲಾಶಯದ ನೀರಿನ ಮಟ್ಟ, ಅಂತರ್ಜಲದ ಆಳ, ಅಡಿಕೆಯ ಧಾರಣೆ ಎಂಬ ನಾಲ್ಕು ಬಗೆಯ ಅಂಕಿಗಳು ಇಲ್ಲಿ ನೆರೆಹೊರೆಯಾಗಿದ್ದು, ಒಂದೊಂದೂ ತನ್ನದೇ ಆದ ವೇಗದಲ್ಲಿ ಬದಲಾಗುತ್ತಿರುವುದೇ ಇದಕ್ಕೆ ಕಾರಣ.

ಪೂರ್ವೇತಿಹಾಸ

ನಿಯತಕಾಲದಲ್ಲಿ ಅಂಕಿಗಳನ್ನು ಒಪ್ಪಿಸುವ ಪದ್ಧತಿ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಶಾನುಭೋಗನು ಗ್ರಾಮದ ಲೆಕ್ಕವನ್ನು ಬರೆದಿಡುವುದು, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಅದು ಮೇಲಧಿಕಾರಿಗಳ ಪರಿಶೀಲನೆಗೆ ಒಳಗಾಗುವುದು ಮೈಸೂರು ಸಂಸ್ಥಾನದ ಆಡಳಿತದ ಅಡಿಗಲ್ಲಾಗಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ರಾಜ್ಯದ ಆಯವ್ಯಯ ಮತ್ತು ಕಾರ್ಯಕಲಾಪಗಳ ನಿರೂಪಣೆಯನ್ನು ವರ್ಷಕ್ಕೊಮ್ಮೆ ಮಂಡಿಸುತ್ತಿದ್ದುದು ಇದೇ ಪದ್ಧತಿಯ ಅತ್ಯುನ್ನತ ರೂಪ. ಆ ವ್ಯವಸ್ಥೆಯಲ್ಲಿ ದಾಖಲೆಯ ನೆಲೆ ಗ್ರಾಮ. ನವೀಕರಣದ ಅವಧಿ ಒಂದು ವರ್ಷ. ಸ್ವಾತಂತ್ರ್ಯಾನಂತರ ವಂಶಪಾರಂಪರ್ಯ ಗ್ರಾಮಾಧಿಕಾರಗಳು ರದ್ದಾಗಿ, ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರಾದರೂ ದಪ್ಪ ಪುಸ್ತಕಗಳ ಬರವಣಿಗೆ ಮುಂದುವರಿಯಿತು.

ಗಣಕೀಕರಣದ ಮೊದಲ ದೊಡ್ಡ ಹೆಜ್ಜೆ ಕರ್ನಾಟಕದ ಭೂಮಿ ಯೋಜನೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿದ ತಂತ್ರಾಂಶದ ನೆರವಿನಿಂದ ಕಂದಾಯ ಇಲಾಖೆಯು ಕಳೆದ ಶತಮಾನದ ಕೊನೆಯಲ್ಲಿಯೂ ಈ ಶತಮಾನದ ಆರಂಭದಲ್ಲಿಯೂ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ದೂರಸಂಪರ್ಕ ದುರ್ಬಲವಾಗಿದ್ದ ಆ ದಿನಗಳಲ್ಲಿ ಪ್ರತಿಯೊಂದು ತಾಲ್ಲೂಕು ಕಚೇರಿಯಲ್ಲಿಯೂ ಒಂದೊಂದು ಸರ್ವರನ್ನು ಸ್ಥಾಪಿಸಿ, ಆಯಾ ತಾಲ್ಲೂಕಿನ ದತ್ತಾಂಶವನ್ನು ಅಲ್ಲಿಯೇ ಇರಿಸಲಾಯಿತು. ಜಾಲ ಬಲಗೊಂಡಂತೆ ಅದೇ ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಏಕೀಕೃತವಾಗಿ, ಹೋಬಳಿಯ ನಾಡಕಚೇರಿಯಲ್ಲಿಯೂ ಪಹಣಿ ದೊರೆಯುವಂತಾಯಿತು. ತಂತ್ರಾಂಶದ ನೆಲೆಯು ಶಾಶ್ವತವಾದ ನಿರ್ಣಯವಲ್ಲ, ರಸ್ತೆ, ತಂತಿ, ವಿದ್ಯುತ್ತುಗಳ ಸ್ಥಿತಿಗೆ ತಕ್ಕಂತೆ ಕಾಲಕಾಲಕ್ಕೆ ಮರುವಿಮರ್ಶೆಗೆ ಒಳಗಾಗತಕ್ಕದ್ದೆಂಬುದನ್ನು ಈ ಸ್ಥಾನಾಂತರವು ಸ್ಪಷ್ಟಪಡಿಸುತ್ತದೆ.

ನೆಲೆಯ ವಿಧಗಳು

ಪ್ರಚಲಿತ ನೆಲೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಸಂಸ್ಥೆಯ ಸ್ವಂತ ಕೊಠಡಿಯಲ್ಲಿರುವ ಸರ್ವರು ಮೊದಲನೆಯದು. ದತ್ತಾಂಶವು ಕಣ್ಣಳತೆಯಲ್ಲಿಯೇ ಇರುವುದು, ಹೊರಗಿನ ಜಾಲ ಕಡಿದರೂ ಕಟ್ಟಡದೊಳಗಿನ ಕೆಲಸ ನಿಲ್ಲದಿರುವುದು ಇದರ ಗುಣ. ವಿದ್ಯುತ್ತು ಹೋದಾಗ ಯುಪಿಎಸ್ ಬ್ಯಾಟರಿಯ ಮಿತಿ, ಬೇಸಗೆಯ ಉಷ್ಣ, ಧೂಳು, ಬ್ಯಾಕಪ್ ತೆಗೆಯುವ ಹೊಣೆ ಎಲ್ಲವೂ ಸಂಸ್ಥೆಯ ತಲೆಯ ಮೇಲೆಯೇ ಬೀಳುವುದು ಇದರ ದೋಷ. ರಾಜ್ಯ ದತ್ತಾಂಶ ಕೇಂದ್ರ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಮೇಘರಾಜ್ ಮುಂತಾದ ಸರ್ಕಾರಿ ನೆಲೆಗಳು ಎರಡನೆಯವು. ಸರ್ಕಾರಿ ಇಲಾಖೆಗಳಿಗೆ ಇವು ಸಹಜವಾದ ಆಶ್ರಯ. ಮೂರನೆಯದು ಖಾಸಗಿ ಕಂಪನಿಗಳು ಬಾಡಿಗೆಗೆ ಒದಗಿಸುವ ಸಾರ್ವಜನಿಕ ಕ್ಲೌಡ್. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿಯೂ, ಅಮೆಜಾನ್ ಸಂಸ್ಥೆಯು 2016ರಲ್ಲಿ ಮುಂಬಯಿಯಲ್ಲಿ, ತರುವಾಯ 2022ರಲ್ಲಿ ಹೈದರಾಬಾದಿನಲ್ಲಿಯೂ ತಮ್ಮ ದತ್ತಾಂಶ ಕೇಂದ್ರಗಳನ್ನು ತೆರೆದ ಮೇಲೆ, ದತ್ತಾಂಶವನ್ನು ದೇಶದ ಗಡಿ ದಾಟಿಸದೆಯೇ ಕ್ಲೌಡ್ ಸೇವೆಯನ್ನು ಪಡೆಯುವುದು ಜಿಲ್ಲಾಮಟ್ಟದ ಸಂಸ್ಥೆಗಳಿಗೂ ಸಾಧ್ಯವಾಯಿತು.

ನಾಲ್ಕನೆಯದು ಮಿಶ್ರ ವ್ಯವಸ್ಥೆ. ಮೂಲ ದತ್ತಾಂಶವು ಊರಿನ ಸರ್ವರಿನಲ್ಲಿಯೇ ಉಳಿದು, ವರದಿ ಮಾತ್ರ ಕ್ಲೌಡಿನಲ್ಲಿ ನೆಲೆಗೊಂಡು, ಇವೆರಡರ ನಡುವೆ ಗೇಟ್‌ವೇ ಎಂಬ ಸಣ್ಣ ತಂತ್ರಾಂಶವು ಸೇತುವೆಯಾಗಿ ನಿಲ್ಲುತ್ತದೆ. ಈ ಗೇಟ್‌ವೇಯನ್ನು ಸಂಜೆ ಆರಿಸಿಹೋಗುವ ಮೇಜಿನ ಗಣಕದಲ್ಲಿ ಸ್ಥಾಪಿಸಿದರೆ ರಾತ್ರಿಯ ನವೀಕರಣವು ನಿಶ್ಚಿತವಾಗಿ ವಿಫಲವಾಗುವುದರಿಂದ, ಹಗಲಿರುಳು ಚಾಲನೆಯಲ್ಲಿರುವ ಯಂತ್ರವನ್ನೇ ಅದಕ್ಕೆ ಮೀಸಲಿಡತಕ್ಕದ್ದು.

ತಂತ್ರಾಂಶದ ಜಾತಿಯೂ ನೆಲೆಯನ್ನು ಬಹುಮಟ್ಟಿಗೆ ನಿಯಂತ್ರಿಸುತ್ತದೆ. ಮೈಕ್ರೋಸಾಫ್ಟಿನ ಪವರ್ ಬಿಐ ಮುಖ್ಯವಾಗಿ ಕ್ಲೌಡ್ ಸೇವೆ. ಅದನ್ನು ಸ್ವಂತ ಸರ್ವರಿನಲ್ಲಿ ಇರಿಸಬಯಸುವವರಿಗೆ 2017ರಲ್ಲಿ ಪವರ್ ಬಿಐ ರಿಪೋರ್ಟ್ ಸರ್ವರ್ ಪ್ರತ್ಯೇಕವಾಗಿ ಬಂದಿತು. ಟ್ಯಾಬ್ಲೋ ಎರಡು ರೂಪಗಳಲ್ಲಿಯೂ ದೊರೆಯುತ್ತದೆ. ಅಪಾಚೆ ಸೂಪರ್‌ಸೆಟ್, ಮೆಟಾಬೇಸ್, ಗ್ರಫಾನಾಗಳಂತಹ ಮುಕ್ತ ತಂತ್ರಾಂಶಗಳನ್ನು ಯಾವ ನೆಲೆಯಲ್ಲಿ ಬೇಕಾದರೂ ಸ್ಥಾಪಿಸಬಹುದು. ಇವುಗಳ ಮುಕ್ತ ಆವೃತ್ತಿಗೆ ಪರವಾನಗಿಯ ಶುಲ್ಕವಿಲ್ಲ, ಆದರೆ ನಿರ್ವಹಿಸಬಲ್ಲ ಪರಿಣತನ ಸಂಬಳವನ್ನು ಆ ಉಳಿತಾಯದಿಂದ ಕಳೆದೇ ಲಾಭನಷ್ಟಗಳನ್ನು ಗಣಿಸಬೇಕು.

ಆಯ್ಕೆಯ ಮಾನದಂಡಗಳು

ನೆಲೆಯನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಮೂಲ ದತ್ತಾಂಶವಿರುವ ಸ್ಥಳ. ಪಹಣಿ, ಮಳೆ, ಬೆಳೆ ಸಮೀಕ್ಷೆಗಳ ಅಂಕಿಗಳು ಈಗಾಗಲೇ ಬೆಂಗಳೂರಿನಲ್ಲಿ ಸಂಗ್ರಹವಾಗಿರುವಾಗ, ಅವುಗಳನ್ನು ಚಿತ್ರದುರ್ಗದ ಸರ್ವರಿಗೆ ಇಳಿಸಿಕೊಂಡು, ವರದಿಯಾಗಿಸಿ, ಪುನಃ ಬೆಂಗಳೂರಿನ ಅಧಿಕಾರಿಗಳಿಗೆ ಏರಿಸುವುದು ವ್ಯರ್ಥಶ್ರಮ. ಇದಕ್ಕೆ ವಿಪರೀತವಾಗಿ, ಮೂಲವು ಸಹಕಾರ ಸಂಘದ ಸ್ವಂತ ಗಣಕದಲ್ಲಿದ್ದು, ವರದಿಯನ್ನು ಓದುವವರೂ ಅದೇ ಕಟ್ಟಡದಲ್ಲಿದ್ದರೆ ಕ್ಲೌಡಿನ ಬಾಡಿಗೆಯನ್ನು ತೆರುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಕಾನೂನು. ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ಹಣಪಾವತಿಯ ದತ್ತಾಂಶವನ್ನು ಭಾರತದಲ್ಲಿಯೇ ಇರಿಸತಕ್ಕದ್ದೆಂದು ಆದೇಶಿಸಿತು. ಕೇಂದ್ರ ಸರ್ಕಾರದ ಗಣಕ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನಗಳು ಗಣಕ ವ್ಯವಸ್ಥೆಗಳ ದಿನಚರಿ ದಾಖಲೆಗಳನ್ನು 180 ದಿನಗಳವರೆಗೆ ಕಾಪಾಡಬೇಕೆಂದೂ, ಸರ್ವರುಗಳ ಗಡಿಯಾರಗಳು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿರಬೇಕೆಂದೂ ವಿಧಿಸಿದವು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅಂಗೀಕೃತವಾಯಿತು. ರೈತನ ಹೆಸರು, ಸರ್ವೆ ನಂಬರು, ಬ್ಯಾಂಕ್ ಖಾತೆಗಳನ್ನು ಒಳಗೊಂಡ ವರದಿಗೂ, ಹೋಬಳಿವಾರು ಮೊತ್ತಗಳನ್ನಷ್ಟೇ ತೋರಿಸುವ ವರದಿಗೂ ಒಂದೇ ನೆಲೆ, ಒಂದೇ ಬಗೆಯ ಪ್ರವೇಶಾಧಿಕಾರ ಇರಲಾಗದು.

ಮೂರನೆಯದು ಕನ್ನಡ. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ದಾಖಲಾದ ಗ್ರಾಮನಾಮಗಳು ಯೂನಿಕೋಡ್ ಮಾತ್ರ ಬಲ್ಲ ಆಧುನಿಕ ವರದಿಗಳಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣಿಸಿಕೊಳ್ಳುವುದುಂಟು. ಒಂದೇ ಊರು ಒಂದು ಕಡತದಲ್ಲಿ ‘ಹೊಳಲ್ಕೆರೆ’ ಎಂದೂ ಇನ್ನೊಂದರಲ್ಲಿ ‘ಹೊಳಲಕೆರೆ’ ಎಂದೂ ಇದ್ದಲ್ಲಿ ಮೊತ್ತವು ಎರಡು ಸಾಲುಗಳಾಗಿ ಒಡೆಯುವುದುಂಟು. ಆದಕಾರಣ ಊರುಗಳನ್ನು ಹೆಸರಿನಿಂದ ಗುರುತಿಸದೆ ಸಂಕೇತಸಂಖ್ಯೆಯಿಂದ ಗುರುತಿಸುವುದೂ, ಸ್ಥಾನಾಂತರಕ್ಕೆ ಮೊದಲೇ ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವುದೂ ಲೇಸು.

ನವೀಕರಣದ ತತ್ತ್ವ ಮತ್ತು ವಿಧಾನಗಳು

ಯಂತ್ರವು ಎಷ್ಟು ವೇಗವಾಗಿ ಅಂಕಿಗಳನ್ನು ತರಬಲ್ಲುದೆಂಬುದರಿಂದ ನವೀಕರಣದ ಅವಧಿಯನ್ನು ನಿಗದಿಮಾಡುವುದು ಸಾಮಾನ್ಯವಾದ ಪ್ರಮಾದ. ಮೂಲದಲ್ಲಿ ಅಂಕಿ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ, ಓದುಗನು ಎಷ್ಟು ಹೊತ್ತಿಗೊಮ್ಮೆ ತೀರ್ಮಾನ ಕೈಗೊಳ್ಳುತ್ತಾನೆ ಎಂಬ ಎರಡರಲ್ಲಿ ಯಾವುದು ನಿಧಾನವೋ ಅದೇ ಯೋಗ್ಯವಾದ ಅವಧಿ. ಕೇಂದ್ರೀಯ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುವಾಗ, ಆ ಅಂಕಿಗಳ ವರದಿಯನ್ನು ಗಂಟೆಗೊಮ್ಮೆ ನವೀಕರಿಸುವುದರಿಂದ ಸರ್ವರಿಗೆ ಶ್ರಮವೇ ಹೊರತು ಓದುಗನಿಗೆ ಹೊಸದೇನೂ ತಿಳಿಯದು.

ವಿಧಾನಗಳಲ್ಲಿ ಸಂಪೂರ್ಣ ನವೀಕರಣ, ಆಂಶಿಕ ನವೀಕರಣ, ನೇರ ವಿಚಾರಣೆ ಎಂದು ಮೂರು ಬಗೆಗಳುಂಟು. ಮೊದಲನೆಯದರಲ್ಲಿ ಇಡೀ ದತ್ತಾಂಶವನ್ನು ಅಳಿಸಿ ಪುನಃ ತುಂಬಲಾಗುವುದು. ಸಣ್ಣ ಕೋಷ್ಟಕಗಳಿಗೆ ಇದು ಸರಳ, ವಿಶ್ವಾಸಾರ್ಹ. ಎರಡನೆಯದರಲ್ಲಿ ಇತ್ತೀಚಿನ ಕೆಲವು ದಿನಗಳ ಅಂಕಿಗಳನ್ನಷ್ಟೇ ಬದಲಿಸಿ ಹಳೆಯವನ್ನು ಹಾಗೆಯೇ ಬಿಡಲಾಗುವುದು. ಮೂರನೆಯದರಲ್ಲಿ ವರದಿಯು ತನ್ನಲ್ಲಿ ಏನನ್ನೂ ಶೇಖರಿಸಿಕೊಳ್ಳದೆ, ಓದುಗನು ತೆರೆದಾಗಲೆಲ್ಲ ಮೂಲವನ್ನೇ ಪ್ರಶ್ನಿಸುತ್ತದೆ. ಇದು ಅತ್ಯಂತ ತಾಜಾ ಅಂಕಿಯನ್ನು ಕೊಡುವುದಾದರೂ, ಬೆಳೆಸಾಲದ ಕಾಲದಲ್ಲಿ ಪಹಣಿಗಾಗಿ ಜನ ಸರದಿಯಲ್ಲಿ ನಿಂತಿರುವಾಗ ಅದೇ ಮೂಲಕ್ಕೆ ಭಾರವಾದ ವಿಚಾರಣೆಗಳನ್ನು ಕಳುಹಿಸಿದರೆ ಕೌಂಟರಿನ ಕೆಲಸವೇ ಕುಂಠಿತವಾಗುವುದು. ಅಂತಹ ಕಡೆಗಳಲ್ಲಿ ಮೂಲದ ಪ್ರತಿಯೊಂದನ್ನು ಬೇರೆಯಾಗಿ ಇರಿಸಿ, ವರದಿಯು ಆ ಪ್ರತಿಯನ್ನು ಮಾತ್ರ ಓದುವಂತೆ ಏರ್ಪಡಿಸಲಾಗುತ್ತದೆ.

ವೇಳಾಪಟ್ಟಿಯನ್ನು ನಡೆಸುವ ಉಪಕರಣಗಳಲ್ಲಿ ಯುನಿಕ್ಸ್ ವ್ಯವಸ್ಥೆಯ ಕ್ರಾನ್ ಅತಿ ಪ್ರಾಚೀನವಾದುದು. ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ ಎಂಬ ಐದು ಅಂಗಗಳಿಂದ ಅದು ಹೊತ್ತನ್ನು ನಿರ್ದೇಶಿಸುತ್ತದೆ. ಒಂದು ಕಾರ್ಯವು ಮುಗಿದ ಮೇಲೆಯೇ ಇನ್ನೊಂದು ಆರಂಭವಾಗಬೇಕಾದ ಕಡೆ ಏರ್‌ಬಿಎನ್‌ಬಿ ಸಂಸ್ಥೆಯಲ್ಲಿ 2014ರಲ್ಲಿ ಹುಟ್ಟಿದ ಏರ್‌ಫ್ಲೋದಂತಹ ತಂತ್ರಾಂಶಗಳು ಹೆಚ್ಚು ಉಪಯುಕ್ತ. ವಾಣಿಜ್ಯ ಸೇವೆಗಳು ತಮ್ಮದೇ ಮಿತಿಗಳನ್ನು ವಿಧಿಸುತ್ತವೆ: ಪವರ್ ಬಿಐಯ ಪ್ರೊ ಪರವಾನಗಿಯಲ್ಲಿ ದಿನಕ್ಕೆ 8, ಪ್ರೀಮಿಯಂ ಸಾಮರ್ಥ್ಯದಲ್ಲಿ 48 ನಿಯೋಜಿತ ನವೀಕರಣಗಳಿಗೆ ಅವಕಾಶವಿದೆ. ಅಲ್ಲಿ ಸತತವಾಗಿ ನಾಲ್ಕು ಬಾರಿ ವಿಫಲವಾದ ವೇಳಾಪಟ್ಟಿಯು ತಾನಾಗಿ ಸ್ಥಗಿತಗೊಳ್ಳುವುದು. ಎರಡು ತಿಂಗಳು ಯಾರೂ ನೋಡದ ವರದಿಯ ನವೀಕರಣವೂ ನಿಲ್ಲುವುದು.

ಗಡಿಯಾರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಜಾಗತಿಕ ಪ್ರಮಾಣ ಕಾಲವನ್ನು ಅನುಸರಿಸುತ್ತವೆ. ಭಾರತೀಯ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ಬೆಳಗಿನ 6ಕ್ಕೆ ನಡೆಯಬೇಕಾದ ಕಾರ್ಯವನ್ನು ಈ ವ್ಯತ್ಯಾಸವನ್ನು ಮರೆತು 6 ಗಂಟೆಯೆಂದೇ ನಮೂದಿಸಿದರೆ ಅದು ನಮ್ಮ ಲೆಕ್ಕದಲ್ಲಿ 11.30ಕ್ಕೆ ನಡೆದು, ಬೆಳಗಿನ ಸಭೆಗೆ ನಿನ್ನೆಯ ಅಂಕಿಗಳೇ ಹೋಗುವವು.

ನಾಲ್ಕು ತಾಲ್ಲೂಕುಗಳ ನಿದರ್ಶನ

ಚಿತ್ರದುರ್ಗ: ಜಿಲ್ಲಾಕೇಂದ್ರದ ಸಮೀಪದ ಜೋಗಿಮಟ್ಟಿಯ ಬೆಟ್ಟಸಾಲು ಗಾಳಿಯಂತ್ರಗಳಿಂದ ಪ್ರಸಿದ್ಧವಾಗಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿಯ ಪ್ರಕಾರ ಪವನ ಮತ್ತು ಸೌರ ವಿದ್ಯುತ್ ಉತ್ಪಾದಕರು ದಿನವನ್ನು 15 ನಿಮಿಷಗಳ 96 ಕಾಲಖಂಡಗಳಾಗಿ ವಿಭಜಿಸಿ, ಒಂದೊಂದು ಖಂಡದ ಉತ್ಪಾದನೆಯನ್ನು ಮುಂದಾಗಿ ಅಂದಾಜಿಸಬೇಕಾಗುತ್ತದೆ. ಅಂದಾಜಿಗೂ ವಾಸ್ತವಕ್ಕೂ ಮಿತಿಮೀರಿದ ಅಂತರವುಂಟಾದರೆ ದಂಡ ತೆರಬೇಕಾಗುತ್ತದೆ. ಇಲ್ಲಿ ಅರ್ಧ ದಿನ ಹಳೆಯದಾದ ವರದಿಗೆ ಯಾವ ಬೆಲೆಯೂ ಇಲ್ಲ. ಯಂತ್ರದ ಅಳತೆಯನ್ನು ಬೆಟ್ಟದ ಬುಡದ ಸ್ಥಾವರದಲ್ಲಿಯೇ ದಾಖಲಿಸಿಕೊಂಡು, ಜಾಲ ಕಡಿದಾಗಲೂ ಕಳೆದುಕೊಳ್ಳದೆ, ಸಂಪರ್ಕ ಮರಳಿದೊಡನೆ ದೂರದ ನಿಯಂತ್ರಣ ಕೇಂದ್ರಕ್ಕೆ ಒಪ್ಪಿಸುವ ಮಿಶ್ರ ನೆಲೆಯೇ ಇಂತಹ ವ್ಯವಹಾರಕ್ಕೆ ಯುಕ್ತವಾದುದು.

ಹಿರಿಯೂರು: ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು ಈ ತಾಲ್ಲೂಕಿನಲ್ಲಿದೆ. ಪೂರ್ಣ ಮಟ್ಟ 130 ಅಡಿ. ಸಂಗ್ರಹಣ ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯವು ಪುನಃ ತುಂಬಿ ಹರಿದುದು 89 ವರ್ಷಗಳ ತರುವಾಯ, 2022ರಲ್ಲಿ. ಬರಗಾಲದ ತಿಂಗಳುಗಳಲ್ಲಿ ಮಟ್ಟವು ಮೆಲ್ಲಮೆಲ್ಲನೆ ಇಳಿಯುವುದರಿಂದ ಅಡಿ ಲೆಕ್ಕದ ದಿನಕ್ಕೊಂದು ನವೀಕರಣವೇ ಕುಡಿಯುವ ನೀರು ಮತ್ತು ನಾಲೆಯ ನೀರಿನ ತೀರ್ಮಾನಗಳಿಗೆ ಸಾಕು. ಆದರೆ ಮಟ್ಟವು 130 ಅಡಿಯನ್ನು ಸಮೀಪಿಸಿ, ಒಳಹರಿವು ಏರುತ್ತಿರುವಾಗ ನದೀಪಾತ್ರದ ಜನರನ್ನು ಎಚ್ಚರಿಸಲು ಗಂಟೆಗೊಮ್ಮೆಯ ಅಂಕಿ ಬೇಕು. ಒಂದೇ ವರದಿಗೆ ಎರಡು ವೇಳಾಪಟ್ಟಿಗಳನ್ನು ಸಿದ್ಧವಾಗಿಟ್ಟು, ನಿಗದಿತ ಮಟ್ಟವನ್ನು ಮುಟ್ಟಿದೊಡನೆ ಎರಡನೆಯದು ಜಾರಿಗೆ ಬರುವಂತೆ ಏರ್ಪಡಿಸುವುದೇ ಇದಕ್ಕೆ ಪರಿಹಾರ.

ಹೊಸದುರ್ಗ: ವೇದಾವತಿಯು ಹಿರಿಯೂರನ್ನು ಸೇರುವ ಮುನ್ನ ಈ ತಾಲ್ಲೂಕನ್ನು ಹಾದುಬರುವುದರಿಂದ, ಮತ್ತೋಡು, ಮಾಡದಕೆರೆ, ಶ್ರೀರಾಂಪುರ ಹೋಬಳಿಗಳ ಮಳೆಯ ಅಂಕಿಗಳು ಹೊಸದುರ್ಗದ ರೈತನಿಗೆ ಬೇಕಾಗುವಷ್ಟೇ ಹಿರಿಯೂರಿನ ನೀರಾವರಿ ಅಧಿಕಾರಿಗೂ ಅಗತ್ಯ. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಆರಂಭವಾದ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆಯು ರಾಜ್ಯದಾದ್ಯಂತ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಅಂಕಿಗಳನ್ನು ಪಡೆಯುತ್ತದೆ. ಹವಾಮಾನ ಇಲಾಖೆಯ ರೂಢಿಯಂತೆ ಮಳೆಯ ದಿನವು ಬೆಳಗಿನ 8.30ಕ್ಕೆ ಮುಗಿಯುವುದು, ಎಂಟು ಗಂಟೆಗೆ ನವೀಕರಿಸಿದ ವರದಿಯಲ್ಲಿ ಆ ದಿನದ ಮೊತ್ತ ಇನ್ನೂ ಅಪೂರ್ಣ, ಒಂಬತ್ತಕ್ಕೆ ನವೀಕರಿಸಿದುದರಲ್ಲಿ ಪೂರ್ಣ. ಸಂಪರ್ಕ ತಪ್ಪಿದ ಮಾಪಕದ ಅಂಕಿಗಳು ತಡವಾಗಿ ಬರಬಹುದಾದುದರಿಂದ ಹಿಂದಿನ ಕೆಲವು ದಿನಗಳನ್ನೂ ಜೊತೆಯಲ್ಲಿಯೇ ಪುನಃ ಓದುವ ಆಂಶಿಕ ವಿಧಾನ ಇಲ್ಲಿ ಸೂಕ್ತ. ತೆಂಗು, ದಾಳಿಂಬೆಗಳ ತೋಟಗಳು ಕೊಳವೆಬಾವಿಯನ್ನೇ ನಂಬಿರುವ ಈ ತಾಲ್ಲೂಕಿನಲ್ಲಿ ಅಂತರ್ಜಲದ ವರದಿಯು ದಿನದ ಮಳೆಗೆ ಪಕ್ಕದಲ್ಲಿಯೇ ಕಾಣಿಸಬೇಕಾದರೂ, ಅದರ ಅಂಕಿ ಯಾವ ತಿಂಗಳದೆಂಬ ನಮೂದು ಕಡ್ಡಾಯವಾಗಿರಬೇಕು.

ಹೊಳಲ್ಕೆರೆ: ಅಡಿಕೆಯ ತೋಟಗಳಿಗೆ ಹೆಸರಾದ ಈ ತಾಲ್ಲೂಕಿನ ಬೆಳೆಗಾರರಿಗೆ ನೆರೆಯ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವು ಪ್ರಮುಖ ಮಾರುಕಟ್ಟೆ. ಧಾರಣೆಯು ಹರಾಜು ನಡೆದ ದಿನ ಮಾತ್ರ ಬದಲಾಗುವುದರಿಂದ ವಹಿವಾಟು ಮುಗಿದು, ಲೆಕ್ಕ ದೃಢಪಟ್ಟ ಮೇಲೆ ಒಮ್ಮೆ ನವೀಕರಿಸಿದರೆ ಸಾಕು. ಇಲ್ಲಿ ಗಡಿಯಾರಕ್ಕಿಂತ ಘಟನೆಯೇ ಉತ್ತಮ ಸೂಚಕ. ಮಾರುಕಟ್ಟೆಯ ದಿನದ ಲೆಕ್ಕ ಮುಕ್ತಾಯವಾಯಿತೆಂಬ ಸಂಕೇತ ಬಂದೊಡನೆ ನವೀಕರಣವು ಆರಂಭವಾಗತಕ್ಕದ್ದು. ಬೆಳೆಗಾರನು ವರದಿಯನ್ನು ಮೊಬೈಲಿನಲ್ಲಿ, ಮನೆಯಿಂದಲೋ ತೋಟದಿಂದಲೋ ನೋಡುವನಾದುದರಿಂದ ಸಾರ್ವಜನಿಕವಾಗಿ ತಲುಪಬಲ್ಲ ಕ್ಲೌಡ್ ಅಥವಾ ಸರ್ಕಾರಿ ನೆಲೆಯೇ ಇದಕ್ಕೆ ಅನುಕೂಲ.

ಸಾಮಾನ್ಯ ದೋಷಗಳು

ವರದಿಯಲ್ಲಿ ಸಂಭವಿಸುವ ದೋಷಗಳಲ್ಲಿ ಅತ್ಯಂತ ಅಪಾಯಕರವಾದುದು ಮೌನವಾದ ವೈಫಲ್ಯ: ನವೀಕರಣ ನಿಂತುಹೋಗಿದ್ದರೂ ಪರದೆಯ ಮೇಲೆ ಹಳೆಯ ಅಂಕಿಗಳು ಯಥಾಪ್ರಕಾರ ಶೋಭಿಸುತ್ತಿರುವುದರಿಂದ ಓದುಗನಿಗೆ ಸಂಶಯವೇ ಹುಟ್ಟುವುದಿಲ್ಲ. ಸರ್ವರ್ ಖಾತೆಯ ಪಾಸ್‌ವರ್ಡು ಬದಲಾದುದು, ಮೂಲ ಕೋಷ್ಟಕದ ಕಾಲಮಿನ ಹೆಸರನ್ನು ಯಾರೋ ತಿದ್ದಿದುದು, ಗೇಟ್‌ವೇ ಯಂತ್ರವು ಆರಿಹೋದುದು ಇದರ ಸಾಮಾನ್ಯ ಕಾರಣಗಳು. ಪ್ರತಿಯೊಂದು ಪುಟದ ಮೇಲೂ ಕೊನೆಯ ನವೀಕರಣದ ದಿನಾಂಕ ಮತ್ತು ವೇಳೆಯನ್ನು ಮುದ್ರಿಸುವುದು, ವೈಫಲ್ಯದ ಸೂಚನೆಯು ಒಬ್ಬನಿಗಲ್ಲದೆ ಕನಿಷ್ಠ ಇಬ್ಬರಿಗೆ ಹೋಗುವಂತೆ ಮಾಡುವುದು ಇದಕ್ಕೆ ಸುಲಭವಾದ ಪರಿಹಾರ.

ಎರಡನೆಯ ದೋಷ ಏಕಕಾಲದ ನೂಕುನುಗ್ಗಲು. ಎಲ್ಲ ತಾಲ್ಲೂಕುಗಳ ವರದಿಗಳನ್ನೂ ಒಂಬತ್ತು ಗಂಟೆಗೇ ನಿಯೋಜಿಸಿದರೆ ಮೂಲ ಸರ್ವರು ಬಳಲಿ, ಯಾವುದೂ ಹೊತ್ತಿಗೆ ಮುಗಿಯದು. ಹತ್ತು ಹತ್ತು ನಿಮಿಷಗಳ ಅಂತರವನ್ನಿಟ್ಟರೆ ಎಲ್ಲವೂ ಸುಸೂತ್ರವಾಗಿ ಸಾಗುವುವು. ಮೂರನೆಯದು ಭಿನ್ನವಯಸ್ಸಿನ ಅಂಕಿಗಳ ಮಿಶ್ರಣ. ತಲಾ ನೀರಿನ ಪ್ರಮಾಣವನ್ನು ಲೆಕ್ಕಹಾಕುವ ವರದಿಯಲ್ಲಿ ನೀರಿನ ಅಂಕಿ ಇಂದಿನದಾಗಿದ್ದು, ಅದನ್ನು ಭಾಗಿಸುವ ಜಿಲ್ಲೆಯ ಜನಸಂಖ್ಯೆಯು 2011ರ ಜನಗಣತಿಯ 16,59,456 ಆಗಿದ್ದರೆ, ಫಲಿತಾಂಶವು ಎಷ್ಟು ದಶಮಾಂಶಗಳವರೆಗೆ ಮುದ್ರಿತವಾದರೂ ಅದರ ತಾಜಾತನ ಕೇವಲ ಅರ್ಧಸತ್ಯ.

ನಿರ್ವಹಣೆ

ಸುವ್ಯವಸ್ಥಿತವಾದ ಸಂಸ್ಥೆಗಳಲ್ಲಿ ಪ್ರತಿಯೊಂದು ವರದಿಗೂ ಒಂದು ಕಿರುದಾಖಲೆ ಇರುವುದು: ವರದಿಯ ಹೊಣೆಗಾರ ಯಾರು, ಮೂಲ ಎಲ್ಲಿದೆ, ನೆಲೆ ಯಾವುದು, ಹೊತ್ತು ಯಾವುದು, ತಪ್ಪಿದರೆ ಯಾರಿಗೆ ತಿಳಿಸತಕ್ಕದ್ದು, ಎಷ್ಟು ತಡವಾದರೆ ಕೆಲಸ ಕೆಡುವುದು. ಮುಂಗಾರಿನ ಆರಂಭವಾದ ಜೂನ್, ಹಿಂಗಾರು ಕಾಲಿಡುವ ಅಕ್ಟೋಬರ್, ಆರ್ಥಿಕ ವರ್ಷ ತಿರುಗುವ ಏಪ್ರಿಲ್ ತಿಂಗಳುಗಳಲ್ಲಿ ಈ ದಾಖಲೆಯನ್ನು ಪರಿಶೀಲಿಸಿ ವೇಳಾಪಟ್ಟಿಯನ್ನು ಬದಲಿಸುವುದು ಕೃಷಿಪ್ರಧಾನವಾದ ಜಿಲ್ಲೆಗಳಿಗೆ ವಿಶೇಷವಾಗಿ ಹೊಂದುವ ಕ್ರಮ. ಈ ಪರಿಶೀಲನೆಯಲ್ಲಿ ಯಾರೂ ತೆರೆದು ನೋಡದ ವರದಿಯೆಂದು ಕಂಡುಬಂದುದರ ನವೀಕರಣವನ್ನು ನಿಲ್ಲಿಸಿ, ಆ ಸಮಯವನ್ನೂ ಯಂತ್ರಶಕ್ತಿಯನ್ನೂ ಬೇಡಿಕೆಯಿರುವ ವರದಿಗಳಿಗೆ ವರ್ಗಾಯಿಸಲಾಗುತ್ತದೆ.